ಬೇವಿನ ಹೂ ಯಾಕೆ ತಡ? ದೆಹಲಿಯ ವಸಂತದಲ್ಲೊಂದು ಸುತ್ತು

(ನಮ್ಮ ಮಹಿಳಾ ವೇದಿಕೆಯ ಮಾರ್ಚ್ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಯುಗಾದಿ ಹತ್ತಿರ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಬೇವಿನ ಹೂ ಯಾರಿಗಾದರೂ ಸಿಕ್ಕಿತಾ?" ದೆಹಲಿಯ ರಸ್ತೆಗಳಲ್ಲಿ ಬೇವಿಗೇನು ಬರವೇ? ಸಾಲುಸಾಲು ಮರಗಳಿವೆ. ಆದರೂ ಹೂ ಸಿಗುವುದಿಲ್ಲ. ಕೊನೆಗೆ ನಾಲ್ಕು ಎಳೆ ಚಿಗುರು ಹಾಕಿ ಬೇವು-ಬೆಲ್ಲ ಮುಗಿಸುತ್ತೇವೆ.

ಮರದ್ದೇನೂ ತಪ್ಪಿಲ್ಲ. ದಕ್ಷಿಣದಲ್ಲಿ ಬೇವು ಬೇಗ ಹೂ ಬಿಡುತ್ತದೆ. ದೆಹಲಿಯ ಬೇವು ಇಲ್ಲಿನ ಚಳಿ ಕಳೆದ ಮೇಲೆ, ಫೆಬ್ರವರಿ-ಮಾರ್ಚ್‌ನಲ್ಲಿ ಎಲೆ ಉದುರಿಸುತ್ತದೆ. ಆಮೇಲೆ ತಾಮ್ರದ ಬಣ್ಣದ ಚಿಗುರು. ಹೂ ಬರುವಾಗ ಏಪ್ರಿಲ್ ಬಂದಿರುತ್ತದೆ. ನಮ್ಮ ಗೋಡೆಯ ಮೇಲಿರುವುದು ಊರಿನ ಕ್ಯಾಲೆಂಡರ್. ಹೊರಗಿನ ಮರ ಓದುತ್ತಿರುವುದು ದೆಹಲಿಯ ಕ್ಯಾಲೆಂಡರ್. ಇಪ್ಪತ್ತು ಮೂವತ್ತು ವರ್ಷ ಇಲ್ಲಿ ಸಂಸಾರ ಮಾಡಿದ ನಾವು ಆ ಎರಡನೆಯ ಕ್ಯಾಲೆಂಡರನ್ನೂ ಓದಲು ಕಲಿಯಬೇಕು ಎನ್ನುವುದೇ ನನ್ನ ಇಂದಿನ ಮಾತು.

ಕೆಲವು ವರ್ಷಗಳಿಂದ ನಾನು ಇಲ್ಲಿನ ಹವ್ಯಾಸಿ ಪ್ರಕೃತಿ ವೀಕ್ಷಕರ ಜೊತೆ ಭಾನುವಾರ ಬೆಳಗಿನ ಸುತ್ತಾಟಕ್ಕೆ ಹೋಗುತ್ತಿದ್ದೇನೆ. ಅವರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ, ಟೀಚರುಗಳಿದ್ದಾರೆ, ನಿವೃತ್ತರಿದ್ದಾರೆ, ಕಾಲೇಜು ಮಕ್ಕಳಿದ್ದಾರೆ. ದೆಹಲಿಗೆ ಇದು ಹೊಸ ಹುಚ್ಚಲ್ಲ. ಗಾಂಧೀಜಿಯವರ ಸ್ನೇಹಿತರಾಗಿದ್ದ ಹೊರೇಸ್ ಅಲೆಕ್ಸಾಂಡರ್ ಮತ್ತಿತರರು 1950ರಲ್ಲೇ ಇಲ್ಲಿ ಹಕ್ಕಿ ವೀಕ್ಷಕರ ಸಂಘ ಕಟ್ಟಿದ್ದರು. ನಮ್ಮ ವೇದಿಕೆಯಲ್ಲಿ ನೆನೆಯಲೇಬೇಕಾದ ಹೆಸರು ಉಷಾ ಗಂಗೂಲಿಯವರದು. ದೆಹಲಿ ಪ್ರದೇಶದ ಹಕ್ಕಿಗಳ ಬಗ್ಗೆ ಆಕೆ ಬರೆದ ಕೈಪಿಡಿ, ಆಕೆ ತೀರಿಕೊಂಡ ಮೇಲೆ, 1975ರಲ್ಲಿ ಪ್ರಕಟವಾಯಿತು. ಹವ್ಯಾಸಕ್ಕೆಂದು ಹೊರಟ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ನೋಡಿ, ಬರೆದಿಟ್ಟು ಮಾಡಿದ ಕೆಲಸ ಅದು.

ಈಗ ಈ ತಿಂಗಳು ಹೊರಗೆ ಹೋದರೆ ಏನು ಕಾಣುತ್ತದೆ ಎಂದು ಹೇಳುತ್ತೇನೆ.

ಮೊದಲು ಬೂರುಗದ ಮರ. ಇಲ್ಲಿನವರು ಸೇಮಲ್ ಎನ್ನುತ್ತಾರೆ. ಒಂದೂ ಎಲೆಯಿಲ್ಲದ ಕೊಂಬೆಗಳಲ್ಲಿ ಅಂಗೈಯಗಲದ ಕೆಂಪು ಹೂಗಳು. ಚಿಕ್ಕಂದಿನಲ್ಲಿ ಬೂರುಗದ ಅರಳೆಯ ದಿಂಬಿನ ಮೇಲೆ ಮಲಗಿದವರು ನಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಆ ಅರಳೆ ಈ ಹೂವಿನ ಕಾಯೊಳಗಿನದು. ಹೂವಿನಲ್ಲಿ ಮಕರಂದ ತುಂಬಿರುವುದರಿಂದ ಬೆಳಗಿನ ಹೊತ್ತು ಮರದಲ್ಲಿ ಮದುವೆಮನೆಯ ಗದ್ದಲ: ಮೈನಾ, ಪಿಕಳಾರ, ಗಿಳಿ, ಕಾಗೆ, ಅಳಿಲು, ಸೂರಕ್ಕಿ ಎಲ್ಲರೂ ಒಂದೇ ಪಂಕ್ತಿಯಲ್ಲಿ. ಹಕ್ಕಿ ನೋಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎಲೆ ಇಲ್ಲದ್ದರಿಂದ ಹಕ್ಕಿಗೆ ಅಡಗಲು ಮರೆಯೇ ಇರುವುದಿಲ್ಲ. ಮರದ ಕೆಳಗೆ ಅರ್ಧ ಗಂಟೆ ನಿಂತರೆ ಸಾಕು.

ಎರಡನೆಯದು ದನಿಗಳು. ಚಳಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ಕೋಗಿಲೆ ಈಗ ಶುರು ಮಾಡುತ್ತದೆ. ಕುಹೂ ಎಂದು ಹಾಡುವುದು ಗಂಡು. ಕಪ್ಪು ಮೈ, ಕೆಂಪು ಕಣ್ಣು. ಹೆಣ್ಣು ಕೋಗಿಲೆಗೆ ಕಂದು ಮೈ, ಮೈತುಂಬ ಬಿಳಿ ಚುಕ್ಕೆ, ದನಿ ಬರೀ ಕಿಕ್ ಕಿಕ್ ಕಿಕ್. ಇಂಪಾಗಿ ಹಾಡುವ ಹೆಂಗಸರನ್ನು ಕೋಗಿಲೆ ಎಂದು ಹೊಗಳುವಾಗ ಇದನ್ನು ನೆನಪಿಟ್ಟುಕೊಳ್ಳಿ! ಇನ್ನು ಮಧ್ಯಾಹ್ನದ ಹೊತ್ತು ಎಲ್ಲೋ ಪಾತ್ರೆ ಬಡಿದಂತೆ ಟುಕ್ ಟುಕ್ ಕೇಳಿದರೆ ಅದು ಕಂಚುಕುಟಿಗ. ಗುಬ್ಬಿಗಿಂತ ತುಸು ದೊಡ್ಡ ಹಸಿರು ಹಕ್ಕಿ, ಹಣೆಗೆ ಕುಂಕುಮ ಇಟ್ಟಂತೆ ಕೆಂಪು.

ಮೂರನೆಯದು ಬೂದು ಮಂಗಟ್ಟೆ. ಲೋಧಿ ಗಾರ್ಡನ್ನಿನಲ್ಲಿ ಸುಲಭವಾಗಿ ಕಾಣುವ ಉದ್ದ ಕೊಕ್ಕಿನ ಹಕ್ಕಿ. ವಸಂತ ಬಂದಂತೆ ಜೋಡಿಗಳು ಹಳೆಯ ದೊಡ್ಡ ಮರಗಳಲ್ಲಿ ಪೊಟರೆ ಹುಡುಕುತ್ತವೆ. ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲನ್ನು ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಆ ಬಾಣಂತಿ ಕೋಣೆಗೆ ಹಣ್ಣು, ಹುಳ ತಂದು ಕೊಡುವುದು ಗಂಡಿನ ಕೆಲಸ. ಆ ಹಣ್ಣು ಬರುವುದು ಆಲ, ಅರಳಿ, ಬಸರಿಯಂಥ ಮರಗಳಿಂದ. ಹಳೆಯ ಮರ ಇಲ್ಲವಾದರೆ ಮನೆಯೂ ಇಲ್ಲ, ಊಟವೂ ಇಲ್ಲ.

ನಾಲ್ಕನೆಯದು ಹೊರಟು ನಿಂತ ಅತಿಥಿಗಳು. ಸುಲ್ತಾನಪುರದ ಕೆರೆ, ಯಮುನೆಯ ದಡದ ಓಖ್ಲಾ, ನಜಫ್‌ಗಢದ ಕಡೆ ಚಳಿಗಾಲ ಕಳೆದ ಪಟ್ಟೆತಲೆ ಹೆಬ್ಬಾತುಗಳು ಮಾರ್ಚ್‌ನಲ್ಲಿ ಹಿಮಾಲಯ ದಾಟಿ ಹೋಗುತ್ತವೆ. ಹಿಮಾಲಯ ದಾಟುವಾಗ 7,000 ಮೀಟರಿಗೂ ಎತ್ತರದಲ್ಲಿ ಇವು ಹಾರಿದ್ದು ಉಪಕರಣಗಳಿಂದ ದಾಖಲಾಗಿದೆ. ಇದೇ ಜಾತಿಯ ಬಾತುಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು. ಗದಗದ ಕಡೆಯ ಅಕ್ಕಂದಿರು ಇಲ್ಲಿದ್ದರೆ, ಓಖ್ಲಾದಲ್ಲಿ ನಿಂತು ಈ ಬಾತು ನೋಡಿದಾಗ ತವರಿನ ನೆಂಟರನ್ನು ಕಂಡಂತೆ ಆಗುತ್ತದೆ.

ಇಷ್ಟೆಲ್ಲ ನೋಡಿ ಏನು ಪ್ರಯೋಜನ ಎಂದು ಮನೆಯಲ್ಲಿ ನನ್ನನ್ನೂ ಕೇಳಿದ್ದಾರೆ. ಒಂದು ಘಟನೆ ಹೇಳುತ್ತೇನೆ. ನಮ್ಮ ಕಾಲೋನಿಯಲ್ಲಿ ಪ್ರತಿ ಮಾರ್ಚ್‌ನಲ್ಲಿ ಮರ ಸವರುವ ಕೆಲಸ ನಡೆಯುತ್ತದೆ. ಮೊದಲು ಕೊಡಲಿ ಬೀಳುವುದು ಒಣಕೊಂಬೆಗೆ. ಕಂಚುಕುಟಿಗ ಗೂಡು ಕೊರೆಯುವುದೂ ಒಣಗಿದ ಕೊಂಬೆಯಲ್ಲೇ! ಹೋದ ವರ್ಷ ಪಾರ್ಕಿನ ಮೂಲೆಯ ಮರದಲ್ಲಿ ಒಂದು ಜೋಡಿ ರಂಧ್ರ ಕೊರೆಯುವುದನ್ನು ನಾವು ಮೂವರು ಹೆಂಗಸರು ವಾಕಿಂಗ್ ಹೊತ್ತಿನಲ್ಲಿ ನೋಡಿ, ದಿನಾಂಕ, ಹೊತ್ತು ಬರೆದಿಟ್ಟಿದ್ದೆವು. ಮರ ಸವರುವವರು ಬಂದಾಗ ಆ ಪುಸ್ತಕ ಹಿಡಿದು ಕಾರ್ಯದರ್ಶಿಯವರ ಹತ್ತಿರ ಹೋದೆವು. ಬರೀ "ಪಾಪ, ಹಕ್ಕಿ" ಎಂದಿದ್ದರೆ ನಕ್ಕು ಕಳಿಸುತ್ತಿದ್ದರೋ ಏನೋ. ಹದಿನಾರು ದಿನದ ಬರಹ ನೋಡಿ, ಕೊಂಬೆಯ ಕೆಳಗೆ ಯಾರೂ ಕೂರದಂತೆ ಬೆಂಚನ್ನು ಸರಿಸಿ, ಮಳೆಗಾಲದವರೆಗೆ ಅದನ್ನು ಬಿಡಲು ಒಪ್ಪಿದರು. ಮರಿಗಳು ಹಾರಿಹೋದವು. ನಮ್ಮ ಮಾಲಿ ಈಗ ಏಣಿ ಇಡುವ ಮುಂಚೆ ತಾನೇ ಕೇಳುತ್ತಾನೆ, "ದೀದಿ, ಇದರಲ್ಲಿ ಯಾರಾದರೂ ಇದ್ದಾರಾ?"

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ದೆಹಲಿಯಲ್ಲಿ ಮರ ಕಡಿಯಬೇಕಾದರೆ 1994ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅರಳೆ ಹಾರುತ್ತದೆ, ಹೂ ಬಿದ್ದು ಕಾರು ಗಲೀಜಾಗುತ್ತದೆ ಎಂದು ಬೂರುಗದ ಮರ ತೆಗೆಸಲು ಹೊರಟಾಗ ಸಭೆಯಲ್ಲಿ "ಅನುಮತಿ ಪತ್ರ ಎಲ್ಲಿ?" ಎಂದು ಕೇಳುವ ಒಂದು ದನಿ ಸಾಕು. ಆ ದನಿ ನಮ್ಮದಾಗಲಿ.

ಶುರು ಮಾಡುವುದು ಹೇಗೆ? ದುರ್ಬೀನು ಇಲ್ಲವೆಂದು ಕಾಯಬೇಡಿ. ಮಣ್ಣಿನ ಅಥವಾ ಹಸಿರು ಬಣ್ಣದ ಬಟ್ಟೆ, ನೀರಿನ ಬಾಟಲಿ, ಟೋಪಿ, ಒಂದು ಪುಸ್ತಕ, ಪೆನ್ನು ಇಷ್ಟಿದ್ದರೆ ಆಯಿತು. ಗೂಡಿನ ಹತ್ತಿರ ಹೋಗಬೇಡಿ, ಮೊಬೈಲಿನಲ್ಲಿ ಹಕ್ಕಿಯ ದನಿ ಹಾಕಿ ಅದನ್ನು ಕರೆಯಬೇಡಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನಾಲ್ಕು ಜನ ಸೇರಿ. ಓಖ್ಲಾ ಪಕ್ಷಿಧಾಮದ ಹೆಸರಿನದೇ ಮೆಟ್ರೋ ನಿಲ್ದಾಣ ಮೆಜೆಂಟಾ ಲೈನಿನಲ್ಲಿದೆ. ಮಂಡಿನೋವಿನ ಹಿರಿಯರಿಗೆ ಲೋಧಿ ಗಾರ್ಡನ್ನಿನ ಬೆಂಚೇ ಸಾಕು.

ಬರೆದಿಟ್ಟದ್ದು ನಿಮ್ಮ ಪುಸ್ತಕದಲ್ಲೇ ಉಳಿಯಬೇಕಿಲ್ಲ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಯಾರು ಬೇಕಾದರೂ ಒಂದು ಮರವನ್ನು ಆರಿಸಿಕೊಂಡು, ಚಿಗುರು, ಹೂ, ಕಾಯಿ ಯಾವಾಗ ಬಂತೆಂದು ವಾರಕ್ಕೊಮ್ಮೆ ದಾಖಲಿಸಬಹುದು. ಅದನ್ನು ನಡೆಸುವ ನೇಚರ್ ಕನ್ಸರ್ವೇಷನ್ ಫೌಂಡೇಶನ್ 1996ರಲ್ಲಿ ನಮ್ಮ ಮೈಸೂರಿನಲ್ಲಿ ಹುಟ್ಟಿದ ಸಂಸ್ಥೆ. ಹವಾಮಾನ ಬದಲಾದಂತೆ ಮರಗಳ ಹೂ ಬಿಡುವ ಕಾಲವೂ ಬದಲಾಗುತ್ತಿದೆಯೇ ಎಂದು ತಿಳಿಯಲು ಇಂಥ ಸಾವಿರಾರು ಜನರ ಬರಹವೇ ಆಧಾರ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಯಲ್ಲಿ ಭಾರತ 2013ರಿಂದ ಸೇರಿದೆ. ಬಾಲ್ಕನಿಯಲ್ಲಿ ಹದಿನೈದು ನಿಮಿಷ ನಿಂತು ಎಣಿಸಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಹಾಲು ಉಕ್ಕುವ ಹೊತ್ತು, ಹಪ್ಪಳ ಒಣಗುವ ಬಿಸಿಲು ಇವನ್ನೆಲ್ಲ ಗಮನಿಸುವುದು ನಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅದೇ ಕಣ್ಣನ್ನು ಕಿಟಕಿಯಾಚೆಗೂ ಹಾಯಿಸೋಣ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಲೋಧಿ ಗಾರ್ಡನ್ನಿಗೆ ಬರುವವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಕೊಡಿ. ಮೊಮ್ಮಕ್ಕಳನ್ನೂ ಕರೆತನ್ನಿ. ತಿಂಡಿಗೆ ನಾನು ಅವಲಕ್ಕಿ ತರುತ್ತೇನೆ.