ಯಾವ ಪ್ರಾಣಿಯನ್ನು ಕೇಳಿದೆವು?



ಇಂಥ ಔಷಧಿ ಇಲಿಗಳ ಮಿದುಳನ್ನು ಚುರುಕು ಮಾಡಿತು, ಅಂಥ ಕೀಟನಾಶಕ ಇಲಿಗಳಿಗೆ ಮರೆವು ತಂದಿತು ಎಂಬ ಸುದ್ದಿಗಳನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೆಲವರು ಓದಿದ ಕೂಡಲೇ ನಂಬುತ್ತಾರೆ. ಕೆಲವರು ಇಲಿಗಾದದ್ದು ನಮಗೇಕೆ ಎಂದು ಪುಟ ತಿರುವುತ್ತಾರೆ. ಎರಡೂ ಅವಸರದ ತೀರ್ಮಾನ. ಮಾದಕ ವಸ್ತು, ವಿಷ, ಔಷಧಿ ಇವು ಮಿದುಳಿಗೆ ಏನು ಮಾಡುತ್ತವೆ ಎಂದು ಪ್ರಾಣಿಗಳಲ್ಲಿ ಪರೀಕ್ಷಿಸಿದಾಗ ಸಿಗುವ ಉತ್ತರ ಯಾವ ಪ್ರಾಣಿ, ಎಷ್ಟು ಪ್ರಮಾಣ, ಎಷ್ಟು ದಿನ ಎಂಬುದನ್ನು ಅವಲಂಬಿಸಿರುತ್ತದೆ. ಇದನ್ನು ಪಾರ್ಕಿನ್ಸನ್ ಕಾಯಿಲೆಯ ಚರಿತ್ರೆ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಬೇರೇನೂ ತೋರಿಸಿಲ್ಲ. ಆದ್ದರಿಂದ ಇಂದು ಆ ಒಂದು ಕಾಯಿಲೆಯನ್ನೇ ಹಿಡಿದು ಮಾತಾಡುತ್ತೇನೆ.

ಈ ಚರಿತ್ರೆಯ ಒಂದು ಬೇರು ನಮ್ಮ ನೆಲದಲ್ಲೇ ಇದೆ. ಸರ್ಪಗಂಧಿಯ ಬೇರನ್ನು ನಮ್ಮ ವೈದ್ಯರು ಹುಚ್ಚಿಗೂ ನಿದ್ದೆ ಬಾರದವರಿಗೂ ಕೊಡುತ್ತಿದ್ದರು. 1949ರಲ್ಲಿ ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಬ್ರಿಟನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಮಾತ್ರೆಯಾಗಿ ಜಗತ್ತೆಲ್ಲ ಬಳಸತೊಡಗಿದ ಮೇಲೆ ಒಂದು ತೊಂದರೆ ಕಾಣಿಸಿಕೊಂಡಿತು. ರೆಸರ್ಪಿನ್ ಸೇವಿಸಿದ ಕೆಲವರು ಕೈಕಾಲು ಬಿಗಿದು, ನಡಿಗೆ ನಿಧಾನವಾಗಿ, ಥೇಟ್ ಪಾರ್ಕಿನ್ಸನ್ ರೋಗಿಗಳಂತೆ ಆಗುತ್ತಿದ್ದರು.

1957ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಅರ್ವಿಡ್ ಕಾರ್ಲ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಈ ರೆಸರ್ಪಿನ್ನನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳು ಕಿವಿ ಜೋಲುಬಿಟ್ಟು ಮಿಸುಕಾಡದೆ ಬಿದ್ದುಕೊಂಡವು. ಆಮೇಲೆ ಡೋಪ ಎಂಬ ರಾಸಾಯನಿಕ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಕಿವಿ ನಿಮಿರಿಸಿ ಎದ್ದು ಓಡಾಡತೊಡಗಿದವು. ರೆಸರ್ಪಿನ್ ನರಕೋಶಗಳಲ್ಲಿ ಕೂಡಿಟ್ಟ ಡೋಪಮಿನ್ ಎಂಬ ಸಂದೇಶವಾಹಕವನ್ನು ಖಾಲಿ ಮಾಡುತ್ತದೆ, ಡೋಪ ಅದನ್ನು ಮತ್ತೆ ತುಂಬುತ್ತದೆ. ಚಲನೆಗೆ ಡೋಪಮಿನ್ ಬೇಕೇ ಬೇಕು ಎಂದು ತಿಳಿದದ್ದು ಹೀಗೆ. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎಹ್ರಿಂಗರ್ ಸತ್ತ ಪಾರ್ಕಿನ್ಸನ್ ರೋಗಿಗಳ ಮಿದುಳನ್ನು ಪರೀಕ್ಷಿಸಿ ಅಲ್ಲಿ ಡೋಪಮಿನ್ ತೀರಾ ಕಡಿಮೆಯಾಗಿರುವುದನ್ನು ತೋರಿಸಿದರು. ಮೊಲ ಹೇಳಿದ್ದನ್ನು ಮನುಷ್ಯನ ಮಿದುಳು ಖಚಿತಪಡಿಸಿತು. ಈ ಎರಡು ಸಾಕ್ಷಿಗಳ ಜೋಡಿಯನ್ನು ದಯಮಾಡಿ ನೆನಪಿಟ್ಟುಕೊಳ್ಳಿ. ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಬಂತು.

ನಮ್ಮ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಬಳ್ಳಿಯ ಬೀಜದಲ್ಲಿ ಈ ಡೋಪದ ಒಂದು ರೂಪವಾದ ಎಲ್-ಡೋಪ ಇದೆ. ಅದನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಷ್ಟು ಹಿಂದೆಯೇ ಬೇರ್ಪಡಿಸಿದ್ದರು. ಹಾಗೆಂದು ಯಾರೂ ಮನೆಯಲ್ಲಿ ಬೀಜ ಪುಡಿಮಾಡಿ ಅಳತೆಯಿಲ್ಲದೆ ತಿನ್ನಬಾರದು. ಹೆಚ್ಚು ಡೋಪ ಭ್ರಮೆಯನ್ನೂ ಹಿಡಿತ ತಪ್ಪಿದ ಚಲನೆಯನ್ನೂ ತರುತ್ತದೆ.

ಆದರೆ ರೆಸರ್ಪಿನ್ ಕೊಟ್ಟ ಮೊಲ ಪೂರ್ತಿ ಪಾರ್ಕಿನ್ಸನ್ ರೋಗಿಯಲ್ಲ. ಅದರ ನರಕೋಶಗಳು ಬರಿದಾಗುತ್ತವೆ, ಸಾಯುವುದಿಲ್ಲ. ಔಷಧಿ ಇಳಿದರೆ ಮೊಲ ಎಂದಿನಂತಾಗುತ್ತದೆ. ರೋಗಿಯಲ್ಲಾದರೋ ನಡುಮಿದುಳಿನ ಸಬ್‌ಸ್ಟ್ಯಾನ್ಷಿಯಾ ನೈಗ್ರ ಎಂಬ ಕಪ್ಪು ಪಟ್ಟಿಯ ಕೋಶಗಳು ಸತ್ತೇಹೋಗಿರುತ್ತವೆ. ಆ ಕೋಶಗಳನ್ನು ಕೊಲ್ಲುವ ವಸ್ತುವನ್ನು ವಿಜ್ಞಾನಿಗಳು ಹುಡುಕಿ ಕಂಡುಹಿಡಿದದ್ದಲ್ಲ, ಅದು ಬೀದಿಯಿಂದ ಬಂತು.

1982ರ ಬೇಸಿಗೆ, ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ. ನಾಲ್ವತ್ತರ ಆಸುಪಾಸಿನ ಒಬ್ಬನನ್ನು ಆಸ್ಪತ್ರೆಗೆ ತಂದರು. ಕಣ್ಣು ತೆರೆದೇ ಇದೆ, ಮಾತಿಲ್ಲ, ಕೈ ಎತ್ತಿ ಬಿಟ್ಟರೆ ಎತ್ತಿದಲ್ಲೇ ನಿಲ್ಲುತ್ತದೆ. ಮನೋರೋಗವೇ ಇರಬೇಕು ಎಂದು ಮೊದಲು ಭಾವಿಸಿದರು. ಬೆರಳು ತುಸು ಅಲುಗುತ್ತಿದ್ದುದನ್ನು ಗಮನಿಸಿ ಕೈಗೆ ಪೆನ್ಸಿಲ್ ಕೊಟ್ಟಾಗ, ಒಳಗೆ ಎಚ್ಚರವಾಗಿದ್ದ ಮನುಷ್ಯ ಬರೆದು ಉತ್ತರಿಸಿದ. ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಹುಡುಕುತ್ತ ಹೋದಂತೆ ಅಂಥವರು ಒಟ್ಟು ಆರು ಮಂದಿ ಸಿಕ್ಕರು. ಎಲ್ಲರೂ ಹೆರಾಯಿನ್ ಎಂದು ಮಾರಿದ ಒಂದು ಕೃತಕ ಪುಡಿಯನ್ನು ಚುಚ್ಚಿಕೊಂಡಿದ್ದರು. ನಮ್ಮ ಆಸ್ಪತ್ರೆಗಳಲ್ಲೂ ನೋವಿಗೆ ಕೊಡುವ ಪೆಥಿಡಿನ್‌ನ ಹತ್ತಿರದ ಸಂಬಂಧಿಯನ್ನು ಯಾರೋ ಗುಟ್ಟಾಗಿ ತಯಾರಿಸಲು ಹೋಗಿ, ಪ್ರಕ್ರಿಯೆ ಕೆಟ್ಟು, ಎಂಪಿಟಿಪಿ ಎಂಬ ಕಲಬೆರಕೆ ಹುಟ್ಟಿತ್ತು. ವರ್ಷಾನುಗಟ್ಟಲೆ ಹಿಡಿಯುವ ಕಾಯಿಲೆ ಇವರಿಗೆ ಕೆಲವೇ ದಿನಗಳಲ್ಲಿ ಬಂದಿತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಚ್ಚರಿಕೆ ಮೊದಲೇ ಸಿಕ್ಕಿತ್ತು. 1976ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ರಸಾಯನ ವಿಜ್ಞಾನದ ವಿದ್ಯಾರ್ಥಿಯೊಬ್ಬ ಇಂಥದೇ ಪುಡಿ ತಯಾರಿಸಿ ಚುಚ್ಚಿಕೊಂಡು ಇದೇ ಸ್ಥಿತಿಗೆ ಬಂದಿದ್ದ. ತಜ್ಞರು ಆ ಪುಡಿಯ ಅಂಶಗಳನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಸ್ವಲ್ಪ ಹೊತ್ತು ಸೆಟೆದು ನಿಂತು ಮತ್ತೆ ಎಂದಿನಂತಾದವು. ವಿಷ ಯಾವುದೆಂದು ಖಚಿತವಾಗಲಿಲ್ಲ. 1979ರಲ್ಲಿ ಪ್ರಕಟವಾದ ಆ ವರದಿಯನ್ನು ಹೆಚ್ಚು ಜನ ಓದಲೂ ಇಲ್ಲ. ಆಗ ಇಲಿಯ ಬದಲು ಕೋತಿಯಲ್ಲಿ ನೋಡಿದ್ದರೆ ಎಂಬ ಪ್ರಶ್ನೆ ನನ್ನನ್ನು ಈಗಲೂ ಬಿಡುವುದಿಲ್ಲ. ಏಕೆಂದರೆ 1983ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೀಸಸ್ ಕೋತಿಗಳಿಗೆ ಎಂಪಿಟಿಪಿ ಕೊಟ್ಟಾಗ ಅವು ಬಾಗಿದವು, ಬಿಗಿದವು, ಅಲುಗಾಡದಾದವು. ಎಲ್-ಡೋಪ ಕೊಟ್ಟರೆ ಚೇತರಿಸಿಕೊಂಡವು. ಅವುಗಳ ಮಿದುಳಿನ ಕಪ್ಪು ಪಟ್ಟಿಯ ಕೋಶಗಳು ಸತ್ತಿದ್ದವು.

ಇಲಿ ಏಕೆ ಪಾರಾಯಿತು? ಎಂಪಿಟಿಪಿ ತಾನಾಗಿ ವಿಷವಲ್ಲ. ಅದು ಮಿದುಳಿಗೆ ಸುಲಭವಾಗಿ ನುಗ್ಗುತ್ತದೆ. ಅಲ್ಲಿ ನರಕೋಶಗಳ ಸುತ್ತಲಿನ ಗ್ಲಿಯಾ ಕೋಶಗಳಲ್ಲಿರುವ ಎಂಎಒ-ಬಿ ಎಂಬ ಕಿಣ್ವ ಅದನ್ನು ಎಂಪಿಪಿ ಅಯಾನಾಗಿ ಬದಲಿಸುತ್ತದೆ. ಡೋಪಮಿನ್ ಕೋಶಗಳು ತಾವು ಬಿಟ್ಟ ಡೋಪಮಿನ್ನನ್ನು ಮತ್ತೆ ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ ಈ ಅಯಾನನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ, ಮನೆಯವನ ವೇಷದಲ್ಲಿ ಬಂದ ಕಳ್ಳನಿಗೆ ಬಾಗಿಲು ತೆರೆದಂತೆ. ಒಳಗೆ ಹೋದದ್ದು ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯ ಮೊದಲ ಮೆಟ್ಟಿಲನ್ನೇ, ಅಂದರೆ ಕಾಂಪ್ಲೆಕ್ಸ್-1 ಅನ್ನು, ತಡೆಯುತ್ತದೆ. ಇಲಿಯ ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆಯಲ್ಲಿ ಎಂಎಒ ಕಿಣ್ವ ಹೇರಳವಾಗಿದೆ. ಎಂಪಿಟಿಪಿಯ ಬಹುಪಾಲು ಅಲ್ಲೇ ಅಯಾನಾಗಿ ಬದಲಾಗುತ್ತದೆ, ಆ ಅಯಾನು ಮಿದುಳಿನೊಳಕ್ಕೆ ದಾಟಲಾರದು. ಇಲಿಯ ರಕ್ಷಣೆಗೆ ಇದೊಂದು ಮುಖ್ಯ ಕಾರಣ.

ಇಲಿಯ ಚಿಕ್ಕ ಸಂಬಂಧಿಗಳಾದ ಸುಂಡಿಲಿಗಳಲ್ಲೂ ಎಲ್ಲವೂ ಒಂದೇ ಅಲ್ಲ. ಪ್ರಯೋಗಾಲಯದ ಸಿ57 ಎಂಬ ಕಪ್ಪು ತಳಿ ಎಂಪಿಟಿಪಿಗೆ ಸೋಲುತ್ತದೆ, ಸಿಡಿ-1 ಎಂಬ ಬಿಳಿ ತಳಿ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫಾಲ್ಗುಣಿ ಆನಂದ್ ಅಲ್ಲಾಡಿಯವರ ತಂಡ ಈ ಎರಡು ತಳಿಗಳನ್ನು ಬೆರೆಸಿ ಹುಟ್ಟಿದ ಮರಿಗಳು ವಿಷವನ್ನು ಹೆಚ್ಚು ತಡೆದುಕೊಳ್ಳುವುದನ್ನು ಕಂಡಿತು. ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಅವರ ಜೊತೆಗಾರರು ಸುಂಡಿಲಿಗಳ ಮಿದುಳಿನಲ್ಲಿ ಕಾಂಪ್ಲೆಕ್ಸ್-1 ಕಾಪಾಡಲು ಗ್ಲುಟಾರೆಡಾಕ್ಸಿನ್ ಎಂಬ ಪ್ರೋಟೀನ್ ಅಗತ್ಯವೆಂದು ಇದೇ ಎಂಪಿಟಿಪಿಯ ಸಹಾಯದಿಂದ ತೋರಿಸಿದರು. ಕೇಸರಿಬೇಳೆಯ ವಿಷದ ಬಗ್ಗೆ ಅವರು ಮಾಡಿದ ಕೆಲಸದಲ್ಲಿ ಹೆಣ್ಣು ಸುಂಡಿಲಿಗಳು ಗಂಡಿಗಿಂತ ಚೆನ್ನಾಗಿ ತಡೆದುಕೊಂಡವು. ತಳಿ ಬದಲಾದರೆ, ಲಿಂಗ ಬದಲಾದರೆ ಉತ್ತರ ಬದಲಾಗುತ್ತದೆ. 'ಇಲಿಗಳಲ್ಲಿ ಪ್ರಯೋಗ' ಎಂದಷ್ಟೇ ಬರೆದ ಸುದ್ದಿ ಏನನ್ನೂ ಹೇಳಿದಂತಾಗಲಿಲ್ಲ.

ಎಂಪಿಟಿಪಿಯಿಂದ ಕಾಯಿಲೆ ಬರಿಸಿದ ಕೋತಿಗಳಿಂದ ಏನು ಸಿಕ್ಕಿತು ಎಂಬುದನ್ನೂ ಹೇಳದಿದ್ದರೆ ಅವುಗಳಿಗೆ ಅನ್ಯಾಯ. 1990ರಲ್ಲಿ ಹಗಾಯ್ ಬರ್ಗ್‌ಮನ್, ಥಾಮಸ್ ವಿಖ್‌ಮನ್ ಮತ್ತು ಮ್ಯಾಲೊನ್ ಡಿಲಾಂಗ್ ಎಂಪಿಟಿಪಿ ಕೊಟ್ಟ ಕೋತಿಗಳಲ್ಲಿ ಸಬ್‌ಥಲಾಮಿಕ್ ಎಂಬ ಪುಟ್ಟ ನರಗಂಟನ್ನು ನಿಷ್ಕ್ರಿಯ ಮಾಡಿದರು. ನಡುಕ, ಬಿಗಿತ ಇಳಿದವು. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಅಲೀಮ್-ಲೂಯಿ ಬೆನಾಬಿದ್ ಅದೇ ಗಂಟಿಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಹರಿಸುವ ಚಿಕಿತ್ಸೆಯನ್ನು ರೋಗಿಗಳಿಗೆ ತಂದರು. ಇಂದು ಬೆಂಗಳೂರಿನಲ್ಲೂ ಆ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಹಾಗೆಂದು ಪ್ರಾಣಿಗಳ ನೋವು ಕಡಿಮೆಯದಾಗುವುದಿಲ್ಲ. ನಮ್ಮಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ, ಪ್ರಯೋಗ ನಡೆಸುವ ಸಂಸ್ಥೆಗಳಲ್ಲಿ ನೈತಿಕ ಸಮಿತಿಗಳಿವೆ. ತಪ್ಪು ಪ್ರಾಣಿಯನ್ನೋ ತಪ್ಪು ಪ್ರಮಾಣವನ್ನೋ ಆರಿಸಿ, ಏನನ್ನೂ ಕಲಿಸದೆ ಜೀವ ತೆಗೆಯುವ ಪ್ರಯೋಗ ಅತ್ಯಂತ ಕ್ರೂರವಾದದ್ದು ಎಂದು ನಾನು ತಿಳಿದಿದ್ದೇನೆ.

ಏನನ್ನೂ ಕಲಿಸದೆ ಜೀವ ತೆಗೆದ ಒಂದು ಪ್ರಸಂಗ 2002ರದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಜಾರ್ಜ್ ರಿಕಾರ್ಟೆ ತಂಡ, ಪಾರ್ಟಿಗಳಲ್ಲಿ ಯುವಜನ ಬಳಸುವ ಎಕ್ಸ್ಟಸಿಯನ್ನು ಒಂದೇ ರಾತ್ರಿ ಸೇವಿಸುವ ರೀತಿಯಲ್ಲಿ ಕೋತಿಗಳಿಗೆ ಕೊಟ್ಟು, ಡೋಪಮಿನ್ ಕೋಶಗಳು ಗಂಭೀರವಾಗಿ ಹಾಳಾದವೆಂದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಜಗತ್ತೆಲ್ಲ ಸುದ್ದಿಯಾಯಿತು. ಆಮೇಲೆ ಅವರೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಹುಡುಕಿದರೆ, ಬಾಟಲಿಯ ಚೀಟಿ ಅದಲುಬದಲಾಗಿತ್ತು. ಕೋತಿಗಳಿಗೆ ಹೋದದ್ದು ಮೆಥಾಂಫೆಟಮಿನ್. 2003ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಸರಿಯಾದ ಕೆಲಸ. ಎಕ್ಸ್ಟಸಿ ನಿರಪಾಯ ಎಂದು ಇದರಿಂದ ಸಾಬೀತಾಗುವುದೂ ಇಲ್ಲ. ಒಂದು ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡುವ ಮೊದಲು ಕಾನೂನು ಮಾಡಬಾರದು, ಹೆದರಿಸಲೂ ಬಾರದು ಎಂಬುದಷ್ಟೇ ಇದರಿಂದ ನಿಲ್ಲುವ ಮಾತು.

ಇನ್ನು ನಮ್ಮ ಹೊಲಗದ್ದೆಗಳ ಮಾತು. ಎಂಪಿಪಿ ಅಯಾನಿನ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ರಚನೆಯನ್ನು ಹೋಲುತ್ತದೆ. ಹೀಗಾಗಿ ಹೊಲದ ವಿಷಗಳ ಮೇಲೂ ಅನುಮಾನ ಮೂಡಿತು. 2000ದಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ತಿಮೊತಿ ಗ್ರೀನಮೈರ್ ತಂಡ ರೋಟೆನೋನ್ ಎಂಬ ಕೀಟನಾಶಕವನ್ನು ಕಡಿಮೆ ಪ್ರಮಾಣದಲ್ಲಿ ವಾರಗಟ್ಟಲೆ ಇಲಿಗಳ ರಕ್ತಕ್ಕೆ ಹರಿಸಿತು. ಎಂಪಿಟಿಪಿಗೆ ಜಗ್ಗದ ಇಲಿಗಳಲ್ಲಿ ಈ ಸಲ ಪಾರ್ಕಿನ್ಸನ್ ಲಕ್ಷಣಗಳು ಕಂಡವು, ಎಲ್ಲ ಇಲಿಗಳಲ್ಲಿ ಅಲ್ಲ, ಹಲವುಗಳಲ್ಲಿ. ರೋಟೆನೋನ್‌ಗೆ ಕಿಣ್ವವೂ ಬೇಡ, ಬಾಗಿಲೂ ಬೇಡ. ಅದು ಕೊಬ್ಬಿನಲ್ಲಿ ಕರಗಿ ನೇರ ಒಳಗಿಳಿಯುತ್ತದೆ. ಆದರೆ ನಮ್ಮ ರೈತ ವಿಷವನ್ನು ರಕ್ತನಾಳಕ್ಕೆ ಹರಿಸಿಕೊಳ್ಳುವುದಿಲ್ಲ. ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಬರಿಗೈಯಲ್ಲಿ ಔಷಧಿ ಹೊಡೆಯುತ್ತಾನೆ, ಒಂದಲ್ಲ ನಾಲ್ಕು ಔಷಧಿ, ಇಪ್ಪತ್ತು ಮೂವತ್ತು ವರ್ಷ. ಅದನ್ನು ಯಾವ ಇಲಿಯೂ ಪೂರ್ತಿಯಾಗಿ ಅನುಕರಿಸಲಾರದು.

ಕಡೆಯ ಸಾಕ್ಷಿ ಮನುಷ್ಯನ ಮಿದುಳಿನಿಂದಲೇ ಬರಬೇಕು. ಲ್ಯಾಂಗ್‌ಸ್ಟನ್ 1999ರಲ್ಲಿ ಎಂಪಿಟಿಪಿಗೆ ಬಲಿಯಾದ ಮೂವರ ಮಿದುಳುಗಳನ್ನು ಪರೀಕ್ಷಿಸಿದಾಗ, ವಿಷ ಒಳಹೋಗಿ ವರ್ಷಗಳು ಕಳೆದಿದ್ದರೂ ಕೋಶಗಳ ನಾಶ ಇನ್ನೂ ನಡೆಯುತ್ತಲೇ ಇತ್ತು. ಕೆಲವು ದಿನಗಳ ಪ್ರಾಣಿ ಪ್ರಯೋಗ ಇದನ್ನು ತೋರಿಸಲಾರದು. ನಿಮ್ಹಾನ್ಸ್‌ನ ಉದಯ ಮುತಾನೆ, ಎಸ್.ಕೆ. ಶಂಕರ್ ಮೊದಲಾದವರು 1998ರಲ್ಲಿ ಭಾರತೀಯರ ಮಿದುಳಿನ ಕಪ್ಪು ಪಟ್ಟಿಯಲ್ಲಿ ಕೋಶಗಳ ಸಂಖ್ಯೆ ಬ್ರಿಟಿಷರಿಗಿಂತ ಕಡಿಮೆಯೆಂದೂ, ಆದರೆ ವಯಸ್ಸಾದಂತೆ ಅವು ಇಳಿಯುವುದಿಲ್ಲವೆಂದೂ ವರದಿ ಮಾಡಿದರು. ಪರದೇಶದ ಮಿದುಳನ್ನು ನೋಡಿ ನಮ್ಮದನ್ನು ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದ್ದರಿಂದ ಎರಡು ವಿನಂತಿ. ಮನೆಯಲ್ಲಿ ಯಾರಿಗಾದರೂ ಕೈ ನಡುಗಿದರೆ, ನಡಿಗೆ ಕುಗ್ಗಿದರೆ, ಅವರು ಯಾವ ಕೀಟನಾಶಕ ಬಳಸಿದರು, ಎಷ್ಟು ವರ್ಷ ಬಳಸಿದರು, ಯಾವ ಮಾತ್ರೆ ತಿನ್ನುತ್ತಿದ್ದಾರೆ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ, ಬರೆಸಿ. ಇನ್ನೊಂದು, ನಿಮ್ಹಾನ್ಸ್‌ನಲ್ಲಿ 1995ರಿಂದ ಮಾನವ ಮಿದುಳು ಬ್ಯಾಂಕ್ ಇದೆ. ಕಣ್ಣುದಾನದ ಬಗ್ಗೆ ಮನೆಯಲ್ಲಿ ಮಾತಾಡುವಂತೆ ಮಿದುಳುದಾನದ ಬಗ್ಗೆಯೂ ಮಾತಾಡಿ. ಒಪ್ಪಿಗೆ ಕೊಡಬೇಕಾದವರು ಕುಟುಂಬದವರು. ಅವರಿಗೆ ನಿಮ್ಮ ಇಚ್ಛೆ ಮೊದಲೇ ಗೊತ್ತಿರಲಿ.