ಪದರ ಪದರವಾಗಿ ಬೆಳೆದ ಪೇಟೆ



ಬೆಂಗಳೂರಿನ ಕೋಟೆ ಪ್ರದೇಶವನ್ನು ನಾವು ನಿತ್ಯವೂ ಹಾದುಹೋಗುತ್ತೇವೆ. ಅದರ ಚರಿತ್ರೆಯನ್ನು ಮಾತ್ರ ಮಕ್ಕಳಿಗೆ ಹೇಳುವುದಿಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿ 1761ರಲ್ಲಿ ಕಲ್ಲಿನ ಕೋಟೆ ಕಟ್ಟಿಸಿದರು. ಟಿಪ್ಪು ಸುಲ್ತಾನರ ಅರಮನೆ 1791ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಕಾರ್ನ್‌ವಾಲಿಸನ ಸೇನೆ ಕೋಟೆಯನ್ನು ವಶಪಡಿಸಿಕೊಂಡಿತು. ಅರಮನೆಯ ಮಗ್ಗುಲಲ್ಲೇ ಚಿಕ್ಕದೇವರಾಜ ಒಡೆಯರ ಕಾಲದ ವೆಂಕಟರಮಣ ದೇವಾಲಯವಿದೆ. ಅರಮನೆ ಎದ್ದಾಗ ಆ ದೇವಾಲಯ ಅಳಿಯಲಿಲ್ಲ. ಸಮೀಪದಲ್ಲೇ ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆ ತಲೆಯೆತ್ತಿತು. ಕರಗದ ಮೆರವಣಿಗೆ ಇಂದಿಗೂ ಕಾಟನ್‌ಪೇಟೆಯ ಹಝ್ರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುತ್ತದೆ.

ಇದರಲ್ಲಿ ಯಾವ ಪದರವನ್ನು ಕಿತ್ತರೂ ಉಳಿದದ್ದು ಅರ್ಥ ಕಳೆದುಕೊಳ್ಳುತ್ತದೆ. ಚರಿತ್ರೆಯನ್ನು ಒಂದೇ ಸಮುದಾಯದ ಹೆಸರಿಗೆ ಬರೆಯಹೊರಟವರಿಗೆ ಈ ಬೀದಿಗಳೇ ಉತ್ತರ. ಆ ಉತ್ತರವನ್ನು ಓದಲು ನಮ್ಮ ಮಕ್ಕಳಿಗೆ ನಾವೇ ಕಲಿಸಬೇಕಾಗಿದೆ.