ಇಂಗ್ಲಿಷ್ ಮಾತಿನ ಅಂಜಿಕೆಯೂ ಅದರ ಪರಿಹಾರವೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು ಮಂಗಳೂರಿಗೋ ಕಲ್ಲಿಕೋಟೆಗೋ ಕಾಲೇಜಿಗೆಂದು ಹೋದ ನಮ್ಮ ಹುಡುಗರಲ್ಲಿ ಕೆಲವರು ಅಲ್ಲಿ ಮೂಕರಂತೆ ಕುಳಿತುಬಿಡುತ್ತಾರೆ. ಪಾಠ ತಿಳಿಯದೆ ಅಲ್ಲ; ಉತ್ತರ ಬರೆಯಲಾರದೆಯೂ ಅಲ್ಲ. ಎದ್ದು ನಿಂತು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುವ ಧೈರ್ಯ ಸಾಲದು. ಇದನ್ನು ಕಂಡ ಹೆತ್ತವರು ಕಿರಿಯ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಹೀಗೆ ಒಂದು ಅಂಜಿಕೆಯಿಂದ ಕನ್ನಡ ಶಾಲೆಯ ಬೆಂಚುಗಳು ಬರಿದಾಗುತ್ತವೆ. ಆದುದರಿಂದ ಈ ಅಂಜಿಕೆಯ ಮೂಲವನ್ನು ಅರಸುವುದು ನಮ್ಮೆಲ್ಲರ ಕರ್ತವ್ಯ.

ನಮ್ಮ ಮಕ್ಕಳು ಭಾಷೆ ಕಲಿಯಲಾರದವರೆ? ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮೂರು ಭಾಷೆಗಳ ಬಳಕೆಯಿಲ್ಲದ ಮಗು ಈ ಸೀಮೆಯಲ್ಲಿ ವಿರಳ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವುದಕ್ಕೆ ಮೊದಲೂ ಇಲ್ಲಿ ಹಲವು ನುಡಿಗಳು ಕೂಡಿ ಬಾಳುತ್ತಿದ್ದವು. ಯಾವ ಮಗುವೂ ವ್ಯಾಕರಣ ಓದಿ ತುಳು ಕಲಿಯಲಿಲ್ಲ. ಕೇಳಿತು, ತಪ್ಪಾಗಿ ಆಡಿತು, ಯಾರೂ ಹೀಯಾಳಿಸಲಿಲ್ಲ, ಮತ್ತೆ ಆಡಿತು. ಇಂಗ್ಲಿಷು ಮಾತ್ರ ಸಾಮಾನ್ಯವಾಗಿ ಕಣ್ಣಿನಿಂದ ಒಳಹೊಕ್ಕು ಕೈಯಿಂದ ಉತ್ತರಪತ್ರಿಕೆಗೆ ಇಳಿಯುತ್ತದೆ. ಕಿವಿಗೂ ನಾಲಗೆಗೂ ಅದರಲ್ಲಿ ಪಾಲಿಲ್ಲ.

ಆ ಭಾಷೆಯಲ್ಲಿ ತೊಡಕುಗಳಿಲ್ಲವೆಂದಲ್ಲ. ಕನ್ನಡವನ್ನು ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನ ಟಫ್, ದೋ, ಥ್ರೂ ಎಂಬ ಶಬ್ದಗಳ ಕೊನೆಯ ನಾಲ್ಕು ಅಕ್ಷರಗಳು ಒಂದೇ. ಉಚ್ಚಾರ ಮೂರು ಬಗೆ. ರೆಕಾರ್ಡ್ ಎಂಬಲ್ಲಿ ಮೊದಲ ಭಾಗವನ್ನು ಒತ್ತಿ ನುಡಿದರೆ ನಾಮಪದ, ಎರಡನೆಯದನ್ನು ಒತ್ತಿದರೆ ಕ್ರಿಯಾಪದ. ನಾವು ಸ್ಕೂಲನ್ನು ಸ್ಕೂಲು ಮಾಡುವುದು ಶಬ್ದವನ್ನು ಸ್ವರದಿಂದ ಮುಗಿಸುವ ಕನ್ನಡದ ರೂಢಿಯಿಂದ, ದಡ್ಡತನದಿಂದಲ್ಲ. ಕಾರಣ ತಿಳಿದ ಮಗುವಿಗೆ ತನ್ನ ತಪ್ಪು ನಾಚಿಕೆಯಾಗಿ ತೋರದು. ತಿದ್ದಿಕೊಳ್ಳಬಹುದಾದ ಅಭ್ಯಾಸವಾಗಿ ತೋರುತ್ತದೆ.

ಧೈರ್ಯ ಬರುವ ಬಗೆಯನ್ನು ಅರಿಯಲು ತಾಳಮದ್ದಳೆಯನ್ನು ನೋಡಿದರೆ ಸಾಕು. ಪಾರ್ತಿಸುಬ್ಬನ ಕುಂಬಳೆ ಸೀಮೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿಯ ಕೈಯಲ್ಲಿ ಬರೆದುಕೊಟ್ಟ ಮಾತಿಲ್ಲ. ಆದರೂ ಆತನ ಮಾತು ಹೊಳೆಯಂತೆ ಹರಿಯುತ್ತದೆ. ಮೊದಲ ದಿನವೇ ಆತ ಕೃಷ್ಣನ ಅರ್ಥ ಹೇಳಿದನೆ? ಇಲ್ಲ. ಹಿರಿಯರ ಅರ್ಥವನ್ನು ವರ್ಷಗಟ್ಟಲೆ ಕೇಳಿದ, ಪ್ರಸಂಗವನ್ನು ಮನನ ಮಾಡಿದ, ದೂತನ ಎರಡು ಮಾತಿನಿಂದ ತೊಡಗಿದ. ಯಕ್ಷಗಾನದ ರಂಗಸ್ಥಳದಲ್ಲಿಯೂ ಕಲಿಯುವ ಹುಡುಗರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದಲೇ ಮೇಲೇರುತ್ತಾರೆ. ಹಾಡುತ್ತ ಹಾಡುತ್ತ ರಾಗವೆಂಬ ಗಾದೆ ಸುಳ್ಳಲ್ಲ.

ಇಂಗ್ಲಿಷಿಗೂ ಇದೇ ಕ್ರಮ ಸಲ್ಲುತ್ತದೆ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಬೇಕು. ರೇಡಿಯೋದ ಇಂಗ್ಲಿಷ್ ವಾರ್ತೆಯನ್ನು ಕೇಳಬೇಕು. ಅದೇ ದಿನದ ಕನ್ನಡ ವಾರ್ತೆಯನ್ನು ಮೊದಲು ಕೇಳಿದರೆ ಅರ್ಥ ಸುಲಭ. ಮಾತಿನ ವಸ್ತು ಮಗುವಿಗೆ ಪರಿಚಿತವಾಗಿರಲಿ: ಅಡಿಕೆ ಸುಲಿಯುವ ಬಗೆ, ತುಂಬಿದ ತೋಡನ್ನು ದಾಟುವ ಪರಿ. ಮೊದಲು ಐದು ವಾಕ್ಯ, ಬಳಿಕ ಹತ್ತು. ಮಗು ಮಾತಾಡುವಾಗ ನಡುವೆ ತಡೆಯಬಾರದು. ಮುಗಿದ ಮೇಲೆ ಅದೇ ವಾಕ್ಯವನ್ನು ಉಪಾಧ್ಯಾಯರು ಸರಿಯಾಗಿ ಒಮ್ಮೆ ನುಡಿದರೆ ಸಾಕು. ಹೆತ್ತವರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ನಗದೆ ಕೇಳುವ ಕಿವಿಯೊಂದು ಮನೆಯಲ್ಲಿದ್ದರೆ ಅದೇ ದೊಡ್ಡ ಸಹಾಯ.

ಪರಭಾಷೆಗಾಗಿ ಮನೆಯ ನುಡಿಯನ್ನು ತೊರೆಯಬೇಕಾಗಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಇಂಗ್ಲಿಷೇ ಮೊದಲಾದ ಹಲವು ಭಾಷೆಗಳನ್ನು ಬಲ್ಲವರಾಗಿದ್ದರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದುದು ಕನ್ನಡದ ಕವಿಯಾಗಿಯೇ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಬಲ್ಲವನಿಗೆ ಇಂಗ್ಲಿಷಿನಲ್ಲಿ ಹೇಳಲು ವಿಷಯವಿರುತ್ತದೆ. ಶಬ್ದಗಳು ಅಭ್ಯಾಸದಿಂದ ಒದಗುತ್ತವೆ.

ವಿದ್ಯಾರ್ಥಿಗಳೇ, ತಪ್ಪಿಗೆ ಹೆದರಿ ಬಾಯಿ ಮುಚ್ಚಬೇಡಿರಿ. ಗೆಳೆಯನು ತಪ್ಪಿದಾಗ ನಗಬೇಡಿರಿ. ಈ ಎರಡನ್ನು ನೀವು ನಡೆಸಿಕೊಟ್ಟರೆ, ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಬಾರದೆಂಬ ಮಾತಿಗೆ ನೀವೇ ಉತ್ತರವಾಗುವಿರಿ.